ಬಂಧನದ ಗಂಟೆ

  2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕಾಗಿ ಹೋರಾಡಿದವರ ಋಣ ನಮ್ಮ ಮೇಲಿದೆ. ಆದರೆ ಠಾಣೆಯೊಳಗಿನ ನ್ಯಾಯಕ್ಕಾಗಿ ಇನ್ನೂ ಹೋರಾಡಬೇಕಿದೆ.

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಆ 24 ಗಂಟೆ ಯಾವಾಗ ಶುರುವಾಗುತ್ತದೆ? ಎರಡು ರಾತ್ರಿ ಠಾಣೆಯಲ್ಲಿ ಕೂರಿಸಿ, ಮೂರನೇ ದಿನ ಬೆಳಿಗ್ಗೆ ಬಸ್ ನಿಲ್ದಾಣದ ಬಳಿ ಹಿಡಿದೆವೆಂದು ಬರೆದುಬಿಟ್ಟರೆ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕೇಳಿದರೆ "ವಿಚಾರಣೆಗೆ ಕರೆತಂದಿದ್ದೆವು" ಅನ್ನುತ್ತಾರೆ. ಹೊಡೆತ ಬೀಳುವುದು, ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಆ ಲೆಕ್ಕಕ್ಕಿಲ್ಲದ ರಾತ್ರಿಗಳಲ್ಲೇ.

ಒಮ್ಮೆ ತಾಂಡಾದ ತಾಯಿಯೊಬ್ಬಳು ರೊಟ್ಟಿಗಂಟು ಹಿಡಿದು ಠಾಣೆಯ ಗೇಟಿನಲ್ಲಿ ನಿಂತಿದ್ದಳು. "ನಿನ್ನ ಮಗ ಇಲ್ಲಿಲ್ಲವ್ವ, ಮನಿಗಿ ಹೋಗು" ಎಂದರು. ಮಗನ ಚಪ್ಪಲಿ ಮೆಟ್ಟಿಲ ಪಕ್ಕದಲ್ಲೇ ಬಿದ್ದಿತ್ತು, ಆಕೆ ನನಗೆ ಬೆರಳು ಮಾಡಿ ತೋರಿಸಿದಳು. ಬಂಧನದ ಮೆಮೋದಲ್ಲಿ ಕಂಡದ್ದು ಮರುದಿನದ ಗಂಟೆ. ಹುಟ್ಟಿನಿಂದಲೇ ಅಪರಾಧಿಗಳೆಂದು ಸಮುದಾಯಗಳ ಮೇಲೆ ಮುದ್ರೆ ಒತ್ತಿದ 1871ರಲ್ಲಿ ಶುರುವಾದ ಕಾನೂನು 1952ರಲ್ಲೇ ರದ್ದಾಯಿತು. ಆದರೂ ಎಲ್ಲೋ ಕಳ್ಳತನವಾದರೆ ಜೀಪು ಇವತ್ತಿಗೂ ಮೊದಲು ತಿರುಗುವುದು ತಾಂಡಾದ ಕಡೆಗೇ.

ತೀರ್ಪುಗಳಿಗೇನೂ ಕೊರತೆಯಿಲ್ಲ. ಬಂಧನದ ಮೆಮೋಗೆ ಸಮಯ ಹಾಕಿ ಸಾಕ್ಷಿಯ ಸಹಿ ಪಡೆಯಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಪ್ರತಿ ಠಾಣೆಗೂ ಸಿಸಿಟಿವಿ ಬೇಕು, ದೃಶ್ಯವನ್ನು 18 ತಿಂಗಳು ಉಳಿಸಬೇಕು ಎಂದು 2020ರ ಡಿಸೆಂಬರಿನಲ್ಲಿ ಹೇಳಿತು. ವಕೀಲರಾದ ನಾವು ದೃಶ್ಯ ಕೇಳಿದಾಗ ಮಾತ್ರ ಕ್ಯಾಮೆರಾ ಕೆಟ್ಟಿರುತ್ತದೆ. ಸಾಲದ್ದಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, 15 ದಿನಗಳ ಪೊಲೀಸ್ ಕಸ್ಟಡಿಯನ್ನು ತುಂಡು ತುಂಡಾಗಿ 40 ಅಥವಾ 60 ದಿನಗಳವರೆಗೆ ಹರಡಬಹುದು. ಜೈಲು ಸೇರಿದವನಿಗೂ ಮತ್ತೆ ಠಾಣೆಯ ಭಯ ತಪ್ಪಿದ್ದಲ್ಲ.

ನಮಗೆ 1861ರ ಪೊಲೀಸ್ ಕಾಯ್ದೆ ಕೊಟ್ಟ ಬ್ರಿಟನ್ ತನ್ನ ಮನೆಯನ್ನು ತಿದ್ದಿಕೊಂಡಿತು. 1972ರ ಕಾನ್ಫೇಟ್ ಕೊಲೆ ಪ್ರಕರಣದಲ್ಲಿ ಹುಡುಗರು ಠಾಣೆಯಲ್ಲಿ ಕೊಟ್ಟ ತಪ್ಪೊಪ್ಪಿಗೆ ನಿಲ್ಲದೆ ಹೋದದ್ದು ದೊಡ್ಡ ಚರ್ಚೆಯಾಗಿ, 1984ರಲ್ಲಿ ಹೊಸ ಕಾಯ್ದೆ ಬಂತು. ಅದರ ಪ್ರಕಾರ ಆರೋಪಿಯ ಗಂಟೆಗಂಟೆಯ ಲೆಕ್ಕ ಬರೆಯುವ ಅಧಿಕಾರಿ ತನಿಖೆಯವನಾಗಿರಬಾರದು, ಠಾಣೆಯಲ್ಲೇ ಉಚಿತ ವಕೀಲರು ಸಿಗಬೇಕು. ಆರೋಪ ಹೊರಿಸದೆ 90 ದಿನ ಇಟ್ಟುಕೊಳ್ಳುವ ಅಧಿಕಾರವನ್ನು ಭಯೋತ್ಪಾದನೆಯ ಹೆಸರಿನಲ್ಲಿ ಬ್ಲೇರ್ ಸರ್ಕಾರ ಕೇಳಿದಾಗ, 2005ರಲ್ಲಿ ಅವರ ಸಂಸತ್ತು ಒಪ್ಪಲಿಲ್ಲ. ನಮ್ಮಲ್ಲಿ ಕಸ್ಟಡಿ ಹಿಗ್ಗಿದಾಗ ಎಷ್ಟು ದನಿ ಎದ್ದಿತು?

ನಮ್ಮ ವಕೀಲರ ಮಾತನ್ನೂ ಆಡಲೇಬೇಕು. ರಾತ್ರಿ ಪಾಳಿಯಲ್ಲಿ ಠಾಣೆಗೆ ವಕೀಲರನ್ನು ಕಳಿಸೋಣವೆಂದು ಹಿಂದೆ ವಕೀಲರದೇ ಸಭೆಯೊಂದರಲ್ಲಿ ನಿರ್ಣಯ ಮಂಡಿಸಿದ್ದೆ. ಪೊಲೀಸರೊಂದಿಗೆ ಸಂಬಂಧ ಕೆಡುತ್ತದೆಂದು ಅದನ್ನು ಉಪಸಮಿತಿಗೆ ತಳ್ಳಿದರು. ಉಪಸಮಿತಿ ಒಮ್ಮೆಯೂ ಸೇರಲಿಲ್ಲ. ಆ ನೋವು ನನಗೆ ಇನ್ನೂ ಆರಿಲ್ಲ.

ಹಾಗಾಗಿ ಕೇಳುತ್ತೇನೆ. ಬಂಧಿತರ ಹೆಸರು ಠಾಣೆಯಲ್ಲಿ ಎದ್ದು ಕಾಣುವಂತೆ ಪ್ರಕಟಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮೇ ಹೇಳಿದೆ, ಅದನ್ನು ಮಾಡಿಸೋಣ. ಮೊದಲ ರಿಮಾಂಡಿನ ದಿನವೇ ಸಿಸಿಟಿವಿ ದೃಶ್ಯ ಉಳಿಸಲು ಪ್ರತಿ ವಕೀಲರೂ ಅರ್ಜಿ ಹಾಕಲಿ. ತನಿಖೆಗೆ ಸಂಬಂಧಪಡದ ಕಸ್ಟಡಿ ಅಧಿಕಾರಿ ನಮ್ಮ ಪ್ರತಿ ಠಾಣೆಗೂ ಬರಲಿ, ನನ್ನ ಕಾಲದಲ್ಲಿ ಆಗದಿದ್ದರೂ ಮುಂದಾದರೂ ಆಗಲಿ. ರಾತ್ರಿ ಪಾಳಿಗೆ ಮಾತ್ರ ಕಾಯಬೇಕಿಲ್ಲ. ಠಾಣೆಗೆ ಹೋಗುವ ವಕೀಲರ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ, ಮೊದಲ ಹೆಸರು ನನ್ನದೇ. ಊಟಕ್ಕೆ ಹೋಗುವ ಮುನ್ನ ನಿಮ್ಮ ಹೆಸರು, ಫೋನ್ ನಂಬರು ಬರೆದು ಹೋಗಿ.