ಟೈರಿನ ಮೈಮೇಲಿನ ಅಂಕಿ

(ಕಲಿಕಾ ಕೇಂದ್ರದಲ್ಲಿ ಅಕ್ಕ ಒಬ್ಬರು ಆಡಿದ ಮಾತು)

ಇವತ್ತು ನಾನು ಟೈರಿನ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಇರುತ್ತದಲ್ಲ, ಅದರ ಟೈರು.

"ಯಕ್ಕಾ, ಅದು ಗಂಡಸರ ವ್ಯವಹಾರ. ನಮಗ್ಯಾಕ?" ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಟೈರು ಕೊಳ್ಳಲು ಅಡವಿಟ್ಟ ಬೋರಮಾಳ ಯಾರದು? ನನ್ನದು. ಸಂಘದಲ್ಲಿ ಸಾಲ ಎತ್ತಿದವರು ಯಾರು? ನಾನು. ಟೈರು ಒಡೆದಾಗ ಆಸ್ಪತ್ರೆ ಬಾಗಿಲಲ್ಲಿ ಕುಳಿತವರು ಯಾರು? ನಾನೇ. ಹಾಗಾದರೆ ಟೈರು ನೋಡಿ ಕೊಳ್ಳುವುದು ನನ್ನ ಕೆಲಸವೂ ಹೌದು.

ನಮ್ಮ ಮನೆಯಲ್ಲಿ ನಡೆದದ್ದು

ನಮ್ಮದು ಬಾಗಲಕೋಟೆ ಜಿಲ್ಲೆ. ಕಬ್ಬಿನ ಸೀಮೆ. ಕಾರ್ಖಾನೆ ಶುರುವಾದರೆ ಹಗಲು ರಾತ್ರಿ ಕಬ್ಬು ಹೇರುವುದೇ ಕೆಲಸ. ನಮ್ಮ ಮನೆಯಲ್ಲೂ ಒಂದು ಟ್ರ್ಯಾಕ್ಟರು, ಒಂದು ಟ್ರೇಲರ್ ಇದೆ.

2022ರಲ್ಲಿ ಟ್ರೇಲರಿನ ಎರಡು ಟೈರು ಪೂರಾ ಸವೆದವು. ಹೊಸ ಟೈರು ತುಟ್ಟಿ. ನಮ್ಮ ಮನೆಯವರು ಪೇಟೆಗೆ ಹೋಗಿ ಲಾರಿಯ ಹಳೇ ಟೈರು ತಂದರು. ಕರ‍್ರಗೆ ಮಿರಿಮಿರಿ ಮಿಂಚುತ್ತಿದ್ದವು. "ಒಂದ ವರ್ಷ ಓಡ್ಯಾವ ಅಷ್ಟ. ಹೊಸಾವರಂಗ ಅದಾವ" ಅಂತ ಅಂಗಡಿಯವನು ಹೇಳಿದನಂತೆ. ಬಿಲ್ ಇಲ್ಲ. ಚೀಟಿ ಇಲ್ಲ. ನಾನೂ ಏನೂ ಕೇಳಲಿಲ್ಲ.

ಒಂದು ತಿಂಗಳೂ ಆಗಲಿಲ್ಲ. ಡಿಸೆಂಬರಿನ ಒಂದು ರಾತ್ರಿ. ಟ್ರೇಲರ್ ತುಂಬ ಕಬ್ಬು. ಕಾಲುವೆ ತಿರುವಿನಲ್ಲಿ ಎಡಗಡೆ ಟೈರು ಢಂ ಅಂತ ಒಡೆಯಿತು. ಟ್ರೇಲರ್ ವಾಲಿತು. ಟ್ರ್ಯಾಕ್ಟರನ್ನೂ ಎಳೆಯಿತು. ಮಡ್‌ಗಾರ್ಡಿನ ಮೇಲೆ ಕುಳಿತಿದ್ದ ನನ್ನ ಮೈದುನ ಕೆಳಗೆ ಬಿದ್ದ. ಜೀವ ಉಳಿಯಿತು. ಕಾಲಿನ ಮೂಳೆ ಮುರಿಯಿತು. ಎಂಟು ತಿಂಗಳು ಅವನಿಗೆ ದುಡಿಮೆ ಇಲ್ಲ. ನನ್ನ ಬೋರಮಾಳ ಇನ್ನೂ ಬಿಡಿಸಿಕೊಂಡಿಲ್ಲ.

ಒಡೆದ ಟೈರು ಅಂಗಳದಲ್ಲಿ ಬಿದ್ದಿತ್ತು. ಆಗ ನಾನು ಕೇಂದ್ರಕ್ಕೆ ಬಂದು ಅಂಕಿ ಕಲಿಯುತ್ತಿದ್ದೆ. ಒಂದು ಸಂಜೆ ಅದರ ಪಕ್ಕ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಟೈರಿನ ಬದಿಯಲ್ಲಿ ಅಂಕಿ ಕಂಡವು. ಸೆರಗಿನಿಂದ ಧೂಳು ಒರೆಸಿದೆ. ಒಂದೊಂದೇ ಓದಿದೆ. ಮೂರು, ಆರು, ಒಂದು, ಎರಡು. 3612.

ಪಂಕ್ಚರ್ ಅಂಗಡಿಯ ತಮ್ಮನನ್ನು ಕೇಳಿದೆ. ಅವನು ಹೇಳಿದ: "ಯಕ್ಕಾ, ಅದು ಟೈರು ಹುಟ್ಟಿದ ತಾರೀಖು. 36 ಅಂದ್ರ ವರ್ಷದ 36ನೇ ವಾರ. 12 ಅಂದ್ರ 2012ನೇ ಇಸವಿ."

ಅಂದರೆ 2012ರ ಸೆಪ್ಟೆಂಬರ್! ನಾವು ಕೊಂಡಾಗಲೇ ಆ ಟೈರಿಗೆ ಹತ್ತು ವರ್ಷ. ಸತ್ಯ ಅದರ ಮೈಮೇಲೆ ಬರೆದಿತ್ತು. ಓದುವವರು ಇರಲಿಲ್ಲ. ಅವತ್ತು ನನಗೆ ಅಳು ಬಂತು. ಸಿಟ್ಟೂ ಬಂತು. ನಾಲ್ಕು ಅಂಕಿ ಮೊದಲೇ ಓದಿದ್ದರೆ ಅಂತ ಅನಿಸಿತು.

ಟೈರಿಗೂ ಮುಪ್ಪು ಬರುತ್ತದೆ

ಟೈರು ಓಡಿದರೆ ಸವೆಯುತ್ತದೆ. ಇದು ಎಲ್ಲರಿಗೂ ಗೊತ್ತು. ಆದರೆ ಸುಮ್ಮನೆ ನಿಂತರೂ ಟೈರು ಕೆಡುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಮನೆಯಲ್ಲಿ ಹಳೇ ರಬ್ಬರ್ ಬ್ಯಾಂಡ್ ನೋಡಿದ್ದೀರಿ. ಯಾರೂ ಬಳಸದಿದ್ದರೂ ಅದು ಪೆಡಸಾಗುತ್ತದೆ. ಎಳೆದರೆ ತುಂಡಾಗುತ್ತದೆ. ಟೈರೂ ರಬ್ಬರೇ. ಬಿಸಿಲು, ಗಾಳಿ, ಕಾವು ತಾಗಿ ತಾಗಿ ಅದರ ಜೀವ ಹೋಗುತ್ತದೆ.

ಟ್ರೇಲರ್ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ದುಡಿಯುತ್ತದೆ. ಉಳಿದ ತಿಂಗಳು ಹೊಲದ ಬದುವಿನಲ್ಲಿ ಬಿಸಿಲಿಗೆ ನಿಲ್ಲುತ್ತದೆ. ಅದಕ್ಕೇ ಟ್ರೇಲರಿನ ಟೈರು ಮೇಲೆ ಸವೆದಿರುವುದಿಲ್ಲ. ಒಳಗೆ ಮುಪ್ಪಾಗಿರುತ್ತದೆ. ನೋಡಲು ಚೆಂದ, ಹೊರೆ ಬಿದ್ದರೆ ಒಡೆಯುತ್ತದೆ.

ಗಾಳಿ ಕಡಿಮೆ ಇದ್ದರೆ ಇನ್ನೂ ಕೆಟ್ಟದ್ದು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ನೋಡಿ. ಬಿಸಿಯಾಗುತ್ತದೆ. ಆಮೇಲೆ ಮುರಿಯುತ್ತದೆ. ಗಾಳಿ ಕಡಿಮೆ ಇರುವ ಟೈರೂ ಹಾಗೇ. ಸುತ್ತು ಸುತ್ತಿಗೂ ಬಾಗುತ್ತದೆ, ಕಾಯುತ್ತದೆ. ಮೇಲೆ ಹೇರಿದ ಭಾರವೂ ಹೆಚ್ಚಾದರೆ ಒಳಗಿನ ಪದರು ಬಿಡುತ್ತವೆ. ಕೊನೆಗೆ ಢಂ!

ಕೊಳ್ಳುವ ಮೊದಲು ಏನು ಓದಬೇಕು?

ಟೈರಿನ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ ಇರುತ್ತದೆ. ಹೆದರಬೇಡಿ. ನಮಗೆ ಬೇಕಾದದ್ದು ಬಹುಪಾಲು ಅಂಕಿ. ಬಸ್ಸಿನ ನಂಬರಿನಲ್ಲಿ, ಫೋನಿನಲ್ಲಿ ಇರುವ ಅಂಕಿಗಳೇ ಇವು.

ಮೊದಲನೆಯದು ಅಳತೆ. ನಮ್ಮ ಟ್ರೇಲರಿನ ಟೈರಿನ ಮೇಲೆ 9.00-20 ಅಂತ ಇದೆ. 9 ಅಂದರೆ ಟೈರಿನ ಅಗಲ, ಇಂಚಿನಲ್ಲಿ. 20 ಅಂದರೆ ಒಳಗಿನ ರಿಮ್ಮಿನ ಅಡ್ಡಳತೆ, ಅದೂ ಇಂಚಿನಲ್ಲಿ. ನಿಮ್ಮ ಟ್ರೇಲರಿಗೆ ಬೇರೆ ಅಳತೆ ಇರಬಹುದು. ಹಳೇ ಟೈರಿನ ಅಳತೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಇದೂ ನಡೀತೈತಿ" ಅಂದರೆ ಒಪ್ಪಬೇಡಿ.

ಎರಡನೆಯದು ಬಲ. ಅಳತೆಯ ಹತ್ತಿರ 16 ಅಂತಲೋ 14 ಅಂತಲೋ ಇರುತ್ತದೆ. ಅದರ ಮುಂದೆ ಪಿ, ಆರ್ ಅಂತ ಎರಡು ಇಂಗ್ಲಿಷ್ ಅಕ್ಷರ. ಕೌದಿಗೆ ಪದರು ಹೆಚ್ಚಾದಷ್ಟೂ ಗಟ್ಟಿ, ಅಲ್ಲವೇ? ಹಿಂದೆ ಟೈರಿನ ಒಳಗಿನ ಹತ್ತಿ ನೂಲಿನ ಪದರನ್ನು ಹಾಗೇ ಎಣಿಸುತ್ತಿದ್ದರು. ಈಗ ಗಟ್ಟಿ ನೈಲಾನು ಬಂದಿದೆ. ಪದರು ಅಷ್ಟು ಇರುವುದಿಲ್ಲ. ಆದರೂ ಬಲ ಹೇಳಲು ಅದೇ ಲೆಕ್ಕ. ಹಳೇ ಟೈರು 16 ಇದ್ದರೆ 12ರದ್ದು ತರಬೇಡಿ. ಅಗ್ಗ ಸಿಗುತ್ತದೆ, ಆದರೆ ಹೊರೆ ತಡೆಯುವುದಿಲ್ಲ. ಒಂದು ಟೈರು ಎಷ್ಟು ಕೆ.ಜಿ. ಹೊರಬಹುದು ಅಂತಲೂ ಹಲವು ಟೈರಿನ ಮೇಲೆ ಬರೆದಿರುತ್ತದೆ. ಲೆಕ್ಕ ಹಾಕುವಾಗ ಸರಕಿನ ತೂಕಕ್ಕೆ ಟ್ರೇಲರಿನ ತೂಕವನ್ನೂ ಕೂಡಿಸಿ.

ಮೂರನೆಯದು ಹುಟ್ಟಿದ ತಾರೀಖು. ಇದೇ ಬಹಳ ಮುಖ್ಯ. ನಾಲ್ಕು ಅಂಕಿ ಇರುತ್ತವೆ. ಮೊದಲಿನ ಎರಡು ವಾರ. ಕೊನೆಯ ಎರಡು ಇಸವಿ. ಕೆಲವು ಟೈರಿಗೆ ಒಂದೇ ಬದಿಯಲ್ಲಿ ಬರೆದಿರುತ್ತದೆ. ಅದಕ್ಕೆ ಟೈರನ್ನು ತಿರುವಿ ಹಾಕಿಸಿ ಎರಡೂ ಬದಿ ನೋಡಿ. ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಹಿಂದಿನದು. ಅದನ್ನು ಮುಟ್ಟಲೇಬೇಡಿ. ಅಂಕಿಯನ್ನು ಉಜ್ಜಿ ಅಳಿಸಿದ್ದರೆ ಆ ಟೈರೂ ಬೇಡ. ಅಳಿಸಿದವರಿಗೆ ಮುಚ್ಚಿಡುವುದು ಏನೋ ಇದೆ.

ಹೊಸ ಟೈರು ಅಂತ ಕೊಟ್ಟರೆ ಅದು ಒಂದು ವರ್ಷದ ಒಳಗಿನದು ಇರಲಿ. ಐದು ವರ್ಷ ದಾಟಿದ ಟೈರನ್ನು ಪ್ರತಿ ವರ್ಷ ಬಲ್ಲವರಿಗೆ ತೋರಿಸಿ. ಹತ್ತು ವರ್ಷ ದಾಟಿದ್ದನ್ನು, ಎಷ್ಟೇ ಚೆಂದ ಕಂಡರೂ, ರಸ್ತೆಗೆ ಇಳಿಸಬೇಡಿ.

ನಾಲ್ಕನೆಯದು ಜೋಡಿ. ಎತ್ತಿನ ಜೋಡಿ ಸರಿ ಇರದಿದ್ದರೆ ಬಂಡಿ ಸೊಟ್ಟ ಎಳೆಯುತ್ತದೆ. ಟೈರೂ ಹಾಗೇ. ಒಂದೇ ಅಚ್ಚಿಗೆ ಒಂದೇ ಅಳತೆಯ, ಒಂದೇ ಬಲದ, ಒಂದೇ ಬಗೆಯ ಟೈರು ಇರಬೇಕು. 9.00-20 ಅಂತ ನಡುವೆ ಗೀಟು ಇದ್ದರೆ ಸಾಮಾನ್ಯವಾಗಿ ನೈಲಾನು ಟೈರು. ಗೀಟಿನ ಜಾಗದಲ್ಲಿ ಆರ್ ಅಕ್ಷರ ಇದ್ದರೆ ರೇಡಿಯಲ್ ಟೈರು. ಎಡಕ್ಕೆ ಒಂದು ಬಗೆ, ಬಲಕ್ಕೆ ಇನ್ನೊಂದು ಬಗೆ ಹಾಕಿಸಬೇಡಿ.

ಐದನೆಯದು ಮೈ. ಇದನ್ನು ಕಣ್ಣಿನಿಂದ, ಕೈಯಿಂದ ಓದಬೇಕು. ಟೈರನ್ನು ಬಿಸಿಲಿಗೆ ತರಿಸಿ. ಕರಿ ಪಾಲಿಶ್ ಬಳಿದಿದ್ದರೆ ಬಟ್ಟೆಯಿಂದ ಒರೆಸಿ. ಬದಿಯಲ್ಲಿ ಒಣ ಕೆರೆಯ ನೆಲದ ಹಾಗೆ ಬಿರುಕು ಇದೆಯೇ? ಎಲ್ಲಾದರೂ ಬಾವು ಬಂದ ಹಾಗೆ ಉಬ್ಬಿದೆಯೇ? ಒಳಗೆ ಕೈಯಾಡಿಸಿ. ತೇಪೆ ಇದೆಯೇ? ನೂಲು ಹೊರಗೆ ಬಂದಿದೆಯೇ? ಇವುಗಳಲ್ಲಿ ಒಂದು ಕಂಡರೂ ಬೇಡ ಅನ್ನಿ.

ಮೇಲಿನ ಗೆರೆಗಳ ಆಳವನ್ನೂ ನೋಡಿ. ಗೆರೆಯ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತವೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಅದರ ಆಯುಷ್ಯ ಮುಗಿಯಿತು.

ಹಳೇ ಟೈರಿಗೆ ಮೇಲೆ ಹೊಸ ರಬ್ಬರು ಕೂಡಿಸಿ ಮಾರುತ್ತಾರೆ. ರಿಮೋಲ್ಡ್ ಅಂತಾರೆ. ಒಳಗಿನ ಮೈ ಗಟ್ಟಿ ಇದ್ದರೆ, ಕೆಲಸ ನೆಟ್ಟಗೆ ಮಾಡಿದ್ದರೆ ಅದು ನಡೆಯುತ್ತದೆ. ಆದರೆ ಹೊಸ ಸೀರೆ ಉಟ್ಟ ಮಾತ್ರಕ್ಕೆ ವಯಸ್ಸು ಇಳಿಯುತ್ತದೆಯೇ? ಮೈಯ ವಯಸ್ಸು ಎಷ್ಟು ಅಂತ ಆ ನಾಲ್ಕು ಅಂಕಿಯನ್ನೇ ಕೇಳಿ.

ಟೈರು ಹಾಕಿಸುವಾಗ

ಹೊಸ ಟೈರಿಗೆ ಹೊಸ ಟ್ಯೂಬು, ಹೊಸ ಫ್ಲ್ಯಾಪ್ ಹಾಕಿಸಿ. ಹಳೇ ಟ್ಯೂಬು ಹಿಗ್ಗಿರುತ್ತದೆ. ಹೊಸ ಟೈರಿನ ಒಳಗೆ ಮಡಿಕೆ ಬಿದ್ದು ಉಜ್ಜಿ ಹರಿಯುತ್ತದೆ.

ಕಬ್ಬಿಣದ ರಿಂಗ್ ಇರುವ ಚಕ್ರಕ್ಕೆ ಗಾಳಿ ತುಂಬುವಾಗ ಎದುರಿಗೆ ನಿಲ್ಲಬೇಡಿ. ರಿಂಗ್ ಸರಿಯಾಗಿ ಕೂರದಿದ್ದರೆ ಸಿಡಿಯುತ್ತದೆ. ಜೀವ ಹೋಗುವಂಥ ಪೆಟ್ಟು ಅದು. ಮಕ್ಕಳನ್ನು ದೂರ ಕಳಿಸಿ.

ಟೈರು ಹಾಕಿಸಿ ಸ್ವಲ್ಪ ದೂರ ಓಡಿಸಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ. ಗಾಳಿಯನ್ನು ಟೈರು ತಣ್ಣಗಿರುವಾಗ, ಬೆಳಗಿನ ಹೊತ್ತು ನೋಡಿಸಿ. ಕಾಲಿನಿಂದ ಒದ್ದು ನೋಡಿದರೆ ಗಾಳಿ ತಿಳಿಯುವುದಿಲ್ಲ. ಮೀಟರ್ ಹಚ್ಚಿ ನೋಡಬೇಕು.

ಹಂಗಾಮು ಮುಗಿದ ಮೇಲೆ ಟ್ರೇಲರನ್ನು ನೆರಳಿಗೆ ನಿಲ್ಲಿಸಿ. ನೆರಳಿಲ್ಲದಿದ್ದರೆ ಟೈರಿಗೆ ಗೋಣಿಚೀಲ ಹೊದಿಸಿ.

ಬಿಲ್ ತಪ್ಪದೆ ಕೇಳಿ. ಬಿಲ್ಲಿನಲ್ಲಿ ಟೈರಿನ ಅಳತೆ, ಹುಟ್ಟಿದ ತಾರೀಖಿನ ಅಂಕಿ ಬರೆಸಿ. ಮೋಸವಾದರೆ 1915 ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಮ್ಮ ಕೈಯಲ್ಲಿ ಬಿಲ್ ಇರಲಿಲ್ಲ. "ನಾ ಕೊಟ್ಟೇ ಇಲ್ಲ" ಅಂದುಬಿಟ್ಟ ಅಂಗಡಿಯವನು. ನಾವು ಬಾಯಿ ಮುಚ್ಚಿಕೊಂಡು ಬಂದೆವು.

ಇನ್ನೊಂದು ಮಾತು. ಟೈರು ಎಷ್ಟೇ ಒಳ್ಳೆಯದಿರಲಿ, ಟ್ರೇಲರ್ ಇರುವುದು ಸರಕಿಗೆ, ಜನಕ್ಕಲ್ಲ. ಕೂಲಿಗೆ, ಜಾತ್ರೆಗೆ, ಮದುವೆಗೆ ಅಂತ ನಾವು ಮಕ್ಕಳನ್ನು ಕಟ್ಟಿಕೊಂಡು ಹತ್ತುತ್ತೇವೆ. ಕಾನೂನು ಇದನ್ನು ಒಪ್ಪುವುದಿಲ್ಲ. ಮಗುಚಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ಮೈದುನನ ಕಾಲು ನೋಡಿದ ಮೇಲೆ ನಾನು ಹತ್ತುವುದು ಬಿಟ್ಟೆ. ನೀವೂ ಬಿಡಿ. ಮಡ್‌ಗಾರ್ಡಿನ ಮೇಲೂ ಯಾರನ್ನೂ ಕೂರಿಸಬೇಡಿ.

ನಾನು ಓದಿ ಕೊಂಡ ಟೈರು

2024ರ ಅಕ್ಟೋಬರಿನಲ್ಲಿ ಮತ್ತೆ ಟೈರು ಬೇಕಾಯಿತು. "ನಾನೂ ಬರ್ತೀನ್ರೀ" ಅಂದೆ. ಮನೆಯವರು ಬೇಡ ಅನ್ನಲಿಲ್ಲ.

ಅಂಗಡಿಯವರು ಎರಡು ಟೈರು ಉರುಳಿಸಿಕೊಂಡು ಬಂದರು. "ಹೊಸಾವು, ಕಣ್ಣು ಮುಚ್ಚಿ ಒಯ್ರಿ" ಅಂದರು. ನಾನು ಕಣ್ಣು ಬಿಟ್ಟು ಕುಳಿತೆ. ಬೆರಳಿಟ್ಟು ಓದಿದೆ. 2820.

"ಅಣ್ಣಾರ, ಇದು 2020ರದ್ದು. ನಾಕು ವರ್ಷ ಆತು. ಇದು ಬ್ಯಾಡ್ರೀ" ಅಂದೆ.

ಅಂಗಡಿಯವರು ನನ್ನ ಮುಖ ನೋಡಿದರು. ಮನೆಯವರೂ ನೋಡಿದರು. ಅಂಗಡಿಯವರು ಒಳಗೆ ಹೋಗಿ ಬೇರೆ ಎರಡು ತಂದರು. ಅದರ ಮೇಲೆ 2724 ಅಂತ ಇತ್ತು. ಅದೇ ವರ್ಷದ ಜುಲೈ ತಿಂಗಳದ್ದು. ಇನ್ನೊಂದನ್ನೂ ಓದಿದೆ. ಅದೂ ಸರಿ ಇತ್ತು. ಬಿಲ್ ಬರೆಸಿ ತಂದೆವು.

ದಾರಿಯಲ್ಲಿ ಮನೆಯವರು ಒಂದೇ ಮಾತು ಅಂದರು: "ಆಗ ನೀನೂ ಬಂದಿದ್ದರ ಚಲೋ ಇತ್ತು."

ಅಕ್ಕಂದಿರೇ, ನಾನು ಪುಸ್ತಕ ಪೂರಾ ಓದುವಷ್ಟು ಇನ್ನೂ ಕಲಿತಿಲ್ಲ. ಕಲಿತದ್ದು ಕೆಲವು ಅಕ್ಷರ, ಹತ್ತು ಅಂಕಿ. ಅಷ್ಟರಿಂದಲೇ ಒಂದು ಟೈರಿನ ವಯಸ್ಸು ಹಿಡಿದೆ. ನೀವೂ ಇವತ್ತು ಮನೆಗೆ ಹೋಗಿ. ಅಂಗಳದಲ್ಲಿ ನಿಂತ ಟ್ರೇಲರಿನ ಹತ್ತಿರ ಕೂಡಿ. ಧೂಳು ಒರೆಸಿ, ಓದಿ. ಕಂಡದ್ದನ್ನು ಮನೆಯವರಿಗೆ ಹೇಳಿ.

ಓದಿ, ಉತ್ತರ ಹೇಳಿ

1. ಒಂದು ಟೈರಿನ ಮೇಲೆ 4018 ಅಂತ ಇದೆ. ಅದು ಯಾವ ಇಸವಿಯದು? ಎಷ್ಟನೇ ವಾರದ್ದು?

2. ಸುಮ್ಮನೆ ನಿಂತ ಟೈರು ಏಕೆ ಕೆಡುತ್ತದೆ?

3. ಟೈರಿನ ಬಿಲ್ಲಿನಲ್ಲಿ ಏನೇನು ಬರೆಸಬೇಕು?

4. ನಿಮ್ಮ ಮನೆಯ ಅಥವಾ ನೆರೆಮನೆಯ ಟ್ರೇಲರಿನ ಟೈರು ನೋಡಿ. ಅಳತೆಯನ್ನೂ ಹುಟ್ಟಿದ ತಾರೀಖಿನ ಅಂಕಿಯನ್ನೂ ಇಲ್ಲಿ ಬರೆಯಿರಿ.