ಭಾಷೆ ಯಾರ ಸೊತ್ತು?

ಕ್ರಿ.ಶ. 362ರಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಉಪಾಧ್ಯಾಯರ ಮೇಲೆ ನಿರ್ಬಂಧ ಹೇರಿದ. ಹೋಮರನ ದೇವತೆಗಳನ್ನು ನಂಬದವರು ಹೋಮರನ ಕಾವ್ಯವನ್ನು ಕಲಿಸಕೂಡದು ಎಂದ. ಆ ಹಳೆಯ ವಿದ್ಯೆ ನಮಗೇಕೆ ಎನ್ನುವವರು ಕ್ರೈಸ್ತರಲ್ಲೂ ಇದ್ದರು. ಅಥೆನ್ಸಿನಲ್ಲಿ ಓದಿದ್ದ ನಾಜಿಯಾನ್ಜಸಿನ ಗ್ರೆಗರಿಯವರು ಮಾತ್ರ ಒಪ್ಪಲಿಲ್ಲ. ಮರುವರ್ಷ ಜೂಲಿಯನ್ ಯುದ್ಧದಲ್ಲಿ ಮಡಿದ. 364ರಲ್ಲಿ ನಿರ್ಬಂಧವೂ ತೊಲಗಿತು. ಆತನ ವಿರುದ್ಧ ಬರೆದ ಭಾಷಣದಲ್ಲಿ ಗ್ರೆಗರಿಯವರು ಎತ್ತಿದ ಪ್ರಶ್ನೆ ಉಳಿಯಿತು: ಗ್ರೀಕ್ ನುಡಿ ಒಂದು ಮತದವರ ಸೊತ್ತೇ? ಆಡುವವರೆಲ್ಲರದಲ್ಲವೇ?

ಗಡಿಯವರಾದ ನಾವು ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುವವರು. 'ಅದು ಅವರದು' ಎಂದು ಮಕ್ಕಳಿಗೆ ಯಾವ ಪುಸ್ತಕವನ್ನೂ ಮುಚ್ಚಿಡಬೇಡಿ. ನಮ್ಮದನ್ನು ಓದಬಂದ ಪರರಿಗೂ ಬಾಗಿಲು ಹಾಕಬೇಡಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಮಾತಿದು: ವಿದ್ಯೆ ಜಂಟಿ ಖಾತೆ, ಎಷ್ಟು ತೆಗೆದರೂ ಶಿಲ್ಕು ಕುಂದದು.