ಸವೆದ ಮೇಜು ಮತ್ತು ಹುಡುಗನ ಕೈ

(ಗೋವಾದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



1965ರ ಕಾನೂನಿನ ಮೇರೆಗೆ ಗೋವಾದಲ್ಲಿ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ಕೊರ್ಲಿಂ, ಕುಂಡೈ, ವೆರ್ಣಾ ಮುಂತಾದ ಕಡೆ ಎಸ್ಟೇಟುಗಳು ಎದ್ದವು. ಧಾರವಾಡ, ಗದಗ, ವಿಜಯಪುರದ ಕಡೆಯಿಂದ ನಮ್ಮವರು ಗಂಟು ಕಟ್ಟಿಕೊಂಡು ದುಡಿಯಲು ಬಂದರು. ಅಲ್ಲಿನ ಶೆಡ್ಡುಗಳಲ್ಲಿ ಕಾಣುವ ಡ್ರಿಲ್ ಮಷೀನಿನ ಮೇಜಿನ ವಿಷಯವಾಗಿ ಇಂದು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಓಣಿಯ ಹುಡುಗನೊಬ್ಬ ಸಣ್ಣ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಪಟ್ಟಿಗೆ ತೂತು ಕೊರೆಯುತ್ತಿದ್ದ. ಮೇಜಿನ ಸ್ಲಾಟು ಒಡೆದು ವೈಸಿನ ಬೋಲ್ಟು ನಿಲ್ಲುತ್ತಿರಲಿಲ್ಲ. ಪಟ್ಟಿಯನ್ನು ಕೈಯಲ್ಲೇ ಹಿಡಿದ. ಬಿಟ್ ಆಚೆ ಬದಿಗೆ ಹೊರಬೀಳುವಾಗ ಪಟ್ಟಿಯನ್ನು ಕಚ್ಚಿ ಗರಗರನೆ ತಿರುಗಿಸಿತು. ಅವನ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. "ಹುಡುಗನ ಅಜಾಗ್ರತೆ" ಎಂದರು. ನಾನು ಹೋಗಿ ಮೇಜು ನೋಡಿದೆ. ಹಳೆಯ ಒರಳುಕಲ್ಲಿನ ಹಾಗೆ ಗುಂಡಿಬಿದ್ದಿತ್ತು. ಅಜಾಗ್ರತೆ ಯಾರದು?

ಅಂಥ ಮೇಜನ್ನು ಎಸೆಯಬೇಕಿಲ್ಲ. ಮೊದಲು ಪ್ಲಗ್ಗು ತೆಗೆಯಿರಿ. ಮೇಲೆದ್ದ ಮುಳ್ಳುಗಳನ್ನು ಅರದಿಂದ ಉಜ್ಜಿ ಸಮಮಾಡಿ. ಒಂದು ಸರಳನ್ನು ಬಗ್ಗಿಸಿ ಚಕ್ಕಿಗೆ ಸಿಕ್ಕಿಸಿ, ಕೈಯಿಂದ ತಿರುಗಿಸಿರಿ. ನಾಲ್ಕು ದಿಕ್ಕಿನಲ್ಲೂ ಅದರ ತುದಿಯ ಕೆಳಗೆ ಕಾಗದದ ಚೂರು ಒಂದೇ ಬಿಗಿಯಲ್ಲಿ ಜಾರಿದರೆ ಮೇಜು ನೆಟ್ಟಗಿದೆ. ಇಲ್ಲವಾದರೆ ಕಂಬದ ಬಳಿಯ ಬೋಲ್ಟು ಬಿಗಿಮಾಡಿ ಮತ್ತೆ ನೋಡಿರಿ.

ಮೇಜು ಬೀಡು ಕಬ್ಬಿಣದ್ದು. ಅದನ್ನು ಸುಮ್ಮನೆ ವೆಲ್ಡಿಂಗ್ ಮಾಡಿದರೆ ಶಾಖಕ್ಕೆ ಬಿರಿಯುತ್ತದೆ. ಗುಂಡಿಗಳ ಎಣ್ಣೆಯನ್ನು ಥಿನ್ನರಿನಿಂದ ತೊಳೆದು, ಅರಾಲ್ಡೈಟಿಗೆ ಕಬ್ಬಿಣದ ಪುಡಿ ಕಲಸಿ ತುಂಬಿ, ಒಂದು ದಿನ ಒಣಗಿಸಿ ಸಮಮಾಡಿ. ಇದು ಮೇಲ್ಮೈ ಕೊಡುತ್ತದೆ, ಬಲ ಕೊಡುವುದಿಲ್ಲ. ಆದುದರಿಂದ ಮುರಿದ ಸ್ಲಾಟನ್ನು ನಂಬಬೇಡಿ. ಗಟ್ಟಿ ಭಾಗದಲ್ಲಿ ತೂತು ಕೊರೆದು, 10 ಮಿಲಿಮೀಟರ್ ದಪ್ಪದ ಉಕ್ಕಿನ ತಗಡನ್ನು ಬೋಲ್ಟಿನಿಂದ ಮೇಜಿಗೆ ಕೂರಿಸಿ, ವೈಸನ್ನು ಅದಕ್ಕೆ ಬಿಗಿಯಿರಿ. ಮುಂಭಾಗ ತಗ್ಗಿದ್ದರೆ ತಗಡಿನ ಕೆಳಗೆ ತೆಳುವಾದ ಚೂರು ಇಡಿ. ಕೊರೆಯುವಾಗ ಕೆಳಗೆ ಮರದ ತುಂಡಿದ್ದರೆ ಹೊಸ ಗುಂಡಿ ಬೀಳದು. ಮಳೆಗಾಲದಲ್ಲಿ ಎಣ್ಣೆ ಸವರಿ, ಇಲ್ಲದಿದ್ದರೆ ತುಕ್ಕು ತಿನ್ನುತ್ತದೆ.

ಉದ್ದದ ಪಟ್ಟಿಯನ್ನು ಕ್ಲಾಂಪಿನಿಂದ ಬಿಗಿದು, ಅದರ ಉದ್ದ ತುದಿಯನ್ನು ನಿಮ್ಮ ಎಡಕ್ಕೆ, ಕಂಬಕ್ಕೆ ತಾಗುವಂತೆ ಇಡಿ. ಕ್ಲಾಂಪು ಜಾರಿದರೂ ಪಟ್ಟಿ ಕಂಬಕ್ಕೆ ಹೊಡೆಯುತ್ತದೆ, ಹೊಟ್ಟೆಗಲ್ಲ. ಕೈಚೀಲ ಹಾಕಿಕೊಂಡು ಕೊರೆಯಬೇಡಿ. ಬಿಟ್ ಅದನ್ನು ಸುತ್ತಿಕೊಂಡು ಕೈಯನ್ನೂ ಎಳೆಯುತ್ತದೆ.

ಇಷ್ಟು ಕೆಲಸಕ್ಕೆ ಒಂದೆರಡು ದಿನ ಸಾಕು. ಆ ಸಮಯವನ್ನೂ ಸಾಮಾನನ್ನೂ ಕೊಡುವುದು ಮಾಲೀಕರ ಹೊಣೆ. ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗಬೇಡಿ. ನಾಲ್ಕು ಜನ ಸೇರಿ ತಾರೀಕು ಹಾಕಿ ಬರೆದುಕೊಡಿ, ಪ್ರತಿಯೊಂದನ್ನು ಇಟ್ಟುಕೊಳ್ಳಿ. ಬರೆಯಲು ಬಾರದವರು ನಮ್ಮ ಬಳಿ ಬನ್ನಿರಿ.

ತಾಯಂದಿರೇ, ಇಂದು ರಾತ್ರಿ ಮಗ ಊಟಕ್ಕೆ ಕುಳಿತಾಗ ಒಂದು ಮಾತು ಕೇಳಿರಿ: "ಮಗಾ, ನಿನ್ನ ಮಷೀನಿನ ಮೇಜು ಹೇಗಿದೆ?" ಕೈ ಹೋದ ಮೇಲೆ ಕೇಳುವುದಕ್ಕಿಂತ ಈಗಲೇ ಕೇಳುವುದು ಲೇಸು.